ಅಗಲಿದವರ ಯುಗಳಗೀತೆ: ರಂಗಭೂಮಿಯ ಒಂದು ಸಮಯದ ವಿಚಾರ

ನಮ್ಮ ಅಲಂಕಾರಶಾಸ್ತ್ರವು ಶೃಂಗಾರವನ್ನು ಸಂಭೋಗ, ವಿಪ್ರಲಂಭ ಎಂದು ಇಬ್ಬಗೆಯಾಗಿ ವಿಂಗಡಿಸಿ, ವಿಪ್ರಲಂಭಕ್ಕೆ ವಿಶೇಷವಾದ ಮನ್ನಣೆಯನ್ನು ಸಲ್ಲಿಸಿದೆ. ಕಾವ್ಯದಲ್ಲಿ ಅಗಲಿಕೆಯನ್ನು ವರ್ಣಿಸುವುದು ಕಷ್ಟವಲ್ಲ. ಕವಿಯು ಒಂದು ಪದ್ಯದಲ್ಲಿ ನಾಯಕನನ್ನೂ ಮರುಪದ್ಯದಲ್ಲಿ ನಾಯಿಕೆಯನ್ನೂ ತೋರಿಸಬಲ್ಲನು. ನಡುವಣ ನೂರು ಯೋಜನವನ್ನು 'ಇತ್ತ' ಎಂಬ ಒಂದೇ ಮಾತಿನಿಂದ ದಾಟಬಲ್ಲನು. ರಂಗಭೂಮಿಗೆ ಈ ಅನುಕೂಲವಿಲ್ಲ. ಅಲ್ಲಿ ಅಗಲಿದ ಇಬ್ಬರೂ ಪ್ರೇಕ್ಷಕನ ಕಣ್ಣೆದುರಿಗೆ ಒಂದೇ ಹಲಗೆಯ ಮೇಲೆ ಹತ್ತು ಹೆಜ್ಜೆಯ ಅಂತರದಲ್ಲಿ ನಿಂತಿರುತ್ತಾರೆ. ಹೀಗೆ ನಿಂತವರು ಒಂದೇ ಹಾಡನ್ನು ಹಂಚಿಕೊಂಡು ಹಾಡಿದಾಗ, ಅವರು ದೂರವಿದ್ದಾರೆಂದು ನಾವು ನಂಬುವುದು ಹೇಗೆ? ನಂಬಿದಮೇಲೂ, ಒಬ್ಬರ ಚರಣಕ್ಕೆ ಮತ್ತೊಬ್ಬರ ಚರಣ ಹೊಂದಿಕೊಳ್ಳುವುದನ್ನು ಒಪ್ಪುವುದು ಹೇಗೆ? ಸಂಗೀತ ನಾಟಕದ ಈ ಚಿಕ್ಕ ಸಮಯವು ಹೆಚ್ಚಿನ ವಿಮರ್ಶೆಗೆ ಗುರಿಯಾದಂತೆ ಕಾಣುವುದಿಲ್ಲ. ಅದನ್ನು ಯಥಾಮತಿಯಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದುದು ಒಬ್ಬ ಹಳ್ಳಿಯ ಹಿರಿಯರ ಮಾತು. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯು ಭದ್ರಾ ನಾಲೆಯ ನೀರುಂಡು ಬೆಳೆದ ಊರು. ಆ ಸೀಮೆಯ ಊರುಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ಊರಿನ ತರುಣರು ಸೇರಿ ನಾಟಕ ಆಡುವ ವಾಡಿಕೆ ಇನ್ನೂ ಉಳಿದಿದೆ. ಹಾರ್ಮೋನಿಯಂ ಮಾಸ್ತರರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡುವುದು, ಪರದೆಗಳನ್ನು ಬಾಡಿಗೆಗೆ ತರುವುದು, ಸ್ತ್ರೀಪಾತ್ರಕ್ಕೆ ವೃತ್ತಿಯ ಕಲಾವಿದೆಯರನ್ನು ಗೊತ್ತುಮಾಡುವುದು, ಇವೆಲ್ಲ ಅಲ್ಲಿನವರಿಗೆ ಪರಿಚಿತವಾದ ಸಂಗತಿಗಳು. ಅಂಥದೊಂದು ನಾಟಕದಲ್ಲಿ ಗಂಡನು ದುಡಿಮೆಗೆಂದು ದೂರದ ಪಟ್ಟಣ ಸೇರಿದ್ದಾನೆ. ಹೆಂಡತಿ ಊರಿನಲ್ಲಿ ಕಾಯುತ್ತಿದ್ದಾಳೆ. ಇಬ್ಬರಿಗೂ ಒಂದು ಯುಗಳಗೀತೆ. ಹಾಡು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಇಬ್ಬರೂ ನಡುರಂಗಕ್ಕೆ ಬಂದು ಕೈಹಿಡಿದು ಸುತ್ತು ತಿರುಗಿದರು. ಚಪ್ಪಾಳೆ ಬಿತ್ತು. ಮುಂದಿನ ದೃಶ್ಯದಲ್ಲಿ ನಾಯಿಕೆಯು ಕಣ್ಣೊರೆಸಿಕೊಳ್ಳುತ್ತ ಪತಿಗೆ ಕಾಗದ ಬರೆಯತೊಡಗಿದಾಗ, ನಮ್ಮ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರು, "ಈಗ ತಾನೆ ಕೈ ಹಿಡ್ಕಂಡು ಕುಣದ್ರಲ್ಲ, ಮತ್ಯಾಕೆ ಕಾಗ್ದ?" ಎಂದರು. ಸುತ್ತಲಿನವರು ನಕ್ಕರು. ಆದರೆ ಅವರ ಪ್ರಶ್ನೆ ನಗೆಯ ಪ್ರಶ್ನೆಯಲ್ಲ. ಯಾವ ವಿಯೋಗದ ಮೇಲೆ ನಾಟಕದ ಮುಂದಿನ ಭಾಗವೆಲ್ಲ ನಿಂತಿತ್ತೋ ಅದನ್ನು ಆ ಹಾಡು ಕರಗಿಸಿಬಿಟ್ಟಿತ್ತು.

ಇದೇ ಸೀಮೆಯಲ್ಲಿ ಹಿಂದೆ ನಾವು ಕಂಡ ನಾಟಕಗಳನ್ನು ಇದರೊಡನೆ ಹೋಲಿಸಿದರೆ ಒಂದು ವಿಚಿತ್ರವು ಗೋಚರಿಸುತ್ತದೆ. ಆಗ ರಂಗದ ನಡುವೆ ಮೇಲಿನಿಂದ ಇಳಿಬಿಟ್ಟ ಒಂದು ಮೈಕು ಇರುತ್ತಿತ್ತು. ಹಾಡಬೇಕಾದವರು ಯಾರೇ ಆಗಲಿ ಅದರ ಕೆಳಗೇ ಬರಬೇಕು. ಅರಣ್ಯದಲ್ಲಿರುವ ರಾಜನೂ ಅಂತಃಪುರದಲ್ಲಿರುವ ರಾಣಿಯೂ ಆ ಮೈಕಿನ ಕೆಳಗೆ ಭುಜಕ್ಕೆ ಭುಜ ತಾಗುವಷ್ಟು ಸಮೀಪದಲ್ಲಿ ನಿಂತು ಹಾಡುತ್ತಿದ್ದರು. ಆದರೂ ಅವರು ದೂರವಿದ್ದಾರೆ ಎಂಬುದರಲ್ಲಿ ಯಾರಿಗೂ ಸಂದೇಹ ಹುಟ್ಟುತ್ತಿರಲಿಲ್ಲ. ಕಾರಣ, ಅವರು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಒಬ್ಬನ ದೃಷ್ಟಿ ಎಡದ ಕತ್ತಲೆಯಲ್ಲಿ, ಮತ್ತೊಬ್ಬಳ ದೃಷ್ಟಿ ಬಲದ ಕತ್ತಲೆಯಲ್ಲಿ. ಈಗ ಉಡುಪಿಗೆ ಸಿಕ್ಕಿಸಿಕೊಳ್ಳುವ ಮೈಕು ಬಂದಿದೆ. ರಂಗದ ಎರಡು ತುದಿಗಳಲ್ಲಿ ನಿಂತು ಹಾಡುವ ಸೌಕರ್ಯ ಒದಗಿದೆ. ಆದರೆ ಆ ತುದಿಯಿಂದ ಈ ತುದಿಗೆ ನೋಟ ಹಾಯುತ್ತದೆ, ಮುಗುಳುನಗೆ ಹಾಯುತ್ತದೆ. ಇದರಿಂದ ತಿಳಿಯುವುದೇನೆಂದರೆ, ರಂಗದ ಮೇಲಣ ದೂರವನ್ನು ಮೊಳದಿಂದ ಅಳೆಯಲಾಗದು. ಅದು ನಟನ ಕಣ್ಣಿನಲ್ಲಿಯೂ ಕಿವಿಯಲ್ಲಿಯೂ ಇರುವಂಥದು.

ಈ ತತ್ತ್ವವು ನಮಗೆ ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಕಕ್ಷ್ಯಾವಿಭಾಗವನ್ನು ವಿಧಿಸಿದ್ದಾನೆ. ಒಂದೇ ರಂಗಪೀಠದಲ್ಲಿ ಬೇರೆ ಬೇರೆ ವಲಯಗಳನ್ನು ಕಲ್ಪಿಸಿ, ಒಂದು ವಲಯವನ್ನು ನಗರವೆಂದೂ ಮತ್ತೊಂದನ್ನು ವನವೆಂದೂ ಭಾವಿಸುವುದು, ನಟನು ಸುತ್ತು ನಡೆದು ವಲಯವನ್ನು ಬದಲಿಸಿದನೆಂದರೆ ಸ್ಥಳ ಬದಲಾಯಿತೆಂದು ತಿಳಿಯುವುದು, ಇದು ಅದರ ಸಾರ. ಅಂತೆಯೇ ಲೋಕಧರ್ಮಿ, ನಾಟ್ಯಧರ್ಮಿಗಳ ವಿವೇಚನೆಯಲ್ಲಿ, ಸಮೀಪದಲ್ಲಿ ಆಡಿದ ಮಾತನ್ನು ಪಾತ್ರಗಳು ಪರಸ್ಪರ ಕೇಳದಿರುವುದನ್ನೂ, ಆಡದ ಮಾತನ್ನು ಕೇಳಿಸಿಕೊಳ್ಳುವುದನ್ನೂ ಅವನು ನಾಟ್ಯಧರ್ಮಿಯ ಲಕ್ಷಣವಾಗಿ ಹೇಳುತ್ತಾನೆ. ಅಗಲಿದವರ ಯುಗಳಗೀತೆಗೆ ಇದಕ್ಕಿಂತ ಮಿಗಿಲಾದ ಆಧಾರ ಬೇಕಿಲ್ಲ. ಪಾತ್ರದ ಮಟ್ಟದಲ್ಲಿ ಹತ್ತಿರದ ದನಿ ಕೇಳಿಸದು. ರಸದ ಮಟ್ಟದಲ್ಲಿ ದೂರದ ದನಿ ಕೇಳಿಸುತ್ತದೆ. ಈ ಎರಡೂ ಏಕಕಾಲದಲ್ಲಿ ನಡೆಯಬೇಕು. ಮೊದಲನೆಯದು ತಪ್ಪಿದರೆ ಅಗಲಿಕೆ ಸುಳ್ಳಾಗುತ್ತದೆ. ಎರಡನೆಯದು ತಪ್ಪಿದರೆ ಅದು ಯುಗಳಗೀತೆಯೇ ಅಲ್ಲ, ಒಂದರ ಪಕ್ಕದಲ್ಲಿಟ್ಟ ಎರಡು ಬಿಡಿಹಾಡುಗಳು.

ಸಂಸ್ಕೃತದ ಮಹಾನಾಟಕಕಾರರು ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತಿದ್ದರು. ಶಾಕುಂತಲದ ಐದನೆಯ ಅಂಕದ ಆದಿಯಲ್ಲಿ ಹಂಸಪದಿಕೆಯ ಗಾನವು ನೇಪಥ್ಯದಿಂದ ಕೇಳಿಬರುತ್ತದೆ. ಶಾಪವಶನಾಗಿ ಶಕುಂತಲೆಯನ್ನು ಮರೆತ ದುಷ್ಯಂತನು ಅದನ್ನು ಕೇಳಿ, ಪ್ರಿಯಜನರ ಅಗಲಿಕೆಯೇನೂ ತನಗಿಲ್ಲದಿದ್ದರೂ ಮನಸ್ಸು ಏಕೆ ಹೀಗೆ ಕಲಕುತ್ತಿದೆ ಎಂದು ತಾನೇ ವಿಸ್ಮಯಪಡುತ್ತಾನೆ. ಹಾಡಿದವಳು ಬೇರೆ, ಹಾಡು ನೆನಪಿಸಬೇಕಾದವಳು ಬೇರೆ. ಆ ಹೊತ್ತಿಗೆ ಶಕುಂತಲೆಯು ಅವನ ಆಸ್ಥಾನದತ್ತ ಬರುತ್ತಿದ್ದಾಳೆ ಎಂಬುದನ್ನು ಬಲ್ಲವರು ಪ್ರೇಕ್ಷಕರು ಮಾತ್ರ. ಭವಭೂತಿಯು ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಸೀತೆಯು ರಾಮನ ಸಮೀಪದಲ್ಲಿಯೇ ಇದ್ದಾಳೆ, ಆದರೆ ಅವನಿಗೆ ಅಗೋಚರಳು. ಅವನ ಪ್ರಲಾಪವನ್ನು ಅವಳು ಕೇಳುತ್ತಾಳೆ. ಅವಳ ಮಾತು ಅವನಿಗೆ ಕೇಳಿಸದು. ದೂರವಿಲ್ಲದೆಯೂ ಅಗಲಿಕೆ ಇದೆ. ಇವು ಯುಗಳಗೀತೆಗಳಲ್ಲ ನಿಜ. ಆದರೆ ನಮ್ಮ ಸಂಗೀತ ನಾಟಕದ ಯುಗಳಗೀತೆಗೆ ಬೇಕಾದ ಬೀಜವು ಇವುಗಳಲ್ಲಿದೆ. ಈ ಬೀಜವನ್ನು ಕನ್ನಡದ ನೆಲಕ್ಕೆ ತಂದವರಲ್ಲಿ 'ಅಭಿನವ ಕಾಳಿದಾಸ' ಬಸವಪ್ಪಶಾಸ್ತ್ರಿಗಳು (೧೮೪೩-೧೮೯೧) ಅಗ್ರಗಣ್ಯರು. ಶಾಕುಂತಲವೂ ಉತ್ತರರಾಮಚರಿತವೂ ಅವರ ಅನುವಾದಗಳಿಂದ ಕನ್ನಡ ರಂಗದ ಸ್ವತ್ತಾದುವೆಂಬುದು ಸಾಹಿತ್ಯ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ.

ಇನ್ನು ಜನಪದ ರಂಗವನ್ನು ನೋಡೋಣ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತವು ಕುಲಗೋಡು ತಮ್ಮಣ್ಣನಿಂದ ಆಟದ ರೂಪವನ್ನು ಪಡೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಮನೆಮಾತಾಯಿತು. ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನೆಂಬ ಕಾರಣದಿಂದ ಸತ್ಯಭಾಮೆಯು ಮುನಿಯುತ್ತಾಳೆ. ಇಲ್ಲಿ ಅಗಲಿಕೆ ಯೋಜನಗಳದಲ್ಲ. ಇಬ್ಬರೂ ದ್ವಾರಕೆಯಲ್ಲಿಯೇ ಇದ್ದಾರೆ. ಮುನಿಸೇ ನಡುವಣ ದೂರ. ಪರದೆಯಿಲ್ಲದ ಬಯಲ ರಂಗದ ಮೇಲೆ ಈ ದೂರವನ್ನು ಕಟ್ಟುವುದು ಹೇಗೆ? ಹಾಡಿನ ಸೂತ್ರವನ್ನು ಹಿಡಿದ ಭಾಗವತನೇ ದೂತಿಯೂ ಆಗಿ ನಡುವೆ ನಿಲ್ಲುತ್ತಾನೆ. ಭಾಮೆಯ ಅಳಲನ್ನು ಕೇಳುವವನು ಅವನು. ಅದನ್ನು ಛೇಡಿಸುವವನೂ ಅವನೇ. ನಾಯಕ ನಾಯಿಕೆಯರು ಒಬ್ಬರ ಹಾಡನ್ನೊಬ್ಬರು ನೇರವಾಗಿ ಕೇಳುವುದಿಲ್ಲ. ಇಬ್ಬರನ್ನೂ ಕೇಳುವ ಮೂರನೆಯವನೊಬ್ಬನು ರಂಗದ ಮೇಲೆಯೇ ಇದ್ದಾನೆ.

ಬೈಲಹೊಂಗಲದ ಸೀಮೆಯಲ್ಲಿ ನಡೆದುದೆಂದು ಹೇಳಲಾಗುವ ಕಥೆಯನ್ನೊಳಗೊಂಡ ಸಂಗ್ಯಾ ಬಾಳ್ಯಾ ಸಣ್ಣಾಟದಲ್ಲಿ ಇದೇ ರಚನೆಯು ಘೋರವಾದ ರೂಪವನ್ನು ತಾಳುತ್ತದೆ. ಪರಸತಿಯಾದ ಗಂಗೆಗೆ ಮನಸೋತ ಸಂಗ್ಯಾನು ತನ್ನ ಬಯಕೆಯನ್ನು ಗೆಳೆಯ ಬಾಳ್ಯಾನ ಮುಂದೆ ಹಾಡುತ್ತಾನೆ. ನಡುವೆ ಓಡಾಡುವ ಮುದುಕಿಯು ಸಂಧಾನವನ್ನು ನಡೆಸುತ್ತಾಳೆ. ಪಾರಿಜಾತದ ದೂತಿಯಂತೆ ಇವಳು ಕೂಡಿಸುವವಳಲ್ಲ, ಕೆಡಿಸುವವಳು. ಹಿಮ್ಮೇಳದವರು ಪ್ರತಿಯೊಬ್ಬರ ಹಾಡಿನ ಕಡೆಯ ಮಾತನ್ನೂ ಎತ್ತಿ ಹಾಡುತ್ತಾರೆ. ಸಂಗ್ಯಾನ ಮೋಹಕ್ಕೂ ಅದೇ ಹಿಮ್ಮೇಳ, ಗಂಗೆಯ ತಳಮಳಕ್ಕೂ ಅದೇ ಹಿಮ್ಮೇಳ, ಕೊನೆಗೆ ಕೊಲೆಗೆ ಸಂಚುಹೂಡುವವರ ಮಾತಿಗೂ ಅದೇ ಹಿಮ್ಮೇಳ. ಎಲ್ಲರನ್ನೂ ಕೇಳಿದ ಹಿಮ್ಮೇಳವು ಯಾರನ್ನೂ ಎಚ್ಚರಿಸಲಾರದು. ಪ್ರೇಕ್ಷಕನ ಸ್ಥಿತಿಯೂ ಅದೇ. ಬಲ್ಲೆನಾದರೂ ಹೇಳಲಾರೆನೆಂಬ ಈ ಸಂಕಟದಿಂದಲೇ ಆ ಆಟದ ಕರುಣವು ಹುಟ್ಟುತ್ತದೆ.

ವೃತ್ತಿರಂಗಭೂಮಿಯು ಬಂದಮೇಲೆ ಈ ಮೂರನೆಯವನು ರಂಗದಿಂದ ಕೆಳಗಿಳಿದನು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಶಾಕುಂತಲವನ್ನೂ ೧೮೮೨ರಲ್ಲಿ ಸೌಭದ್ರವನ್ನೂ ಮರಾಠಿ ಸಂಗೀತ ನಾಟಕಗಳಾಗಿ ಪ್ರಯೋಗಿಸಿದುದರ ಪ್ರಭಾವವು ಕನ್ನಡ ನಾಡಿನ ಮೇಲೆ ಗಾಢವಾಗಿ ಬಿದ್ದಿತು. ಗದಗಿನ ಕಡೆ ಶಾಂತಕವಿಗಳು ಉಷಾಹರಣದಂಥ ನಾಟಕಗಳನ್ನು ರಚಿಸಿ ಕನ್ನಡಕ್ಕೆ ತನ್ನದೇ ಆದ ನಾಟಕವನ್ನು ಕೊಡಲು ಶ್ರಮಿಸಿದರು. ಕನಸಿನಲ್ಲಿ ಮಾತ್ರ ಕಂಡ ಅನಿರುದ್ಧನಿಗಾಗಿ ಹಂಬಲಿಸುವ ಉಷೆಯ ವಸ್ತುವೇ ಅಗಲಿಕೆಯ ಗಾನಕ್ಕೆ ಹೇಳಿಮಾಡಿಸಿದಂತಿದೆ. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ, ನಮ್ಮ ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿ ಮೊದಲಾದುವುಗಳ ಮೂಲಕ ಹಾಡುವ ನಾಟಕವು ಊರೂರನ್ನು ತಲುಪಿತು. ಇಲ್ಲೆಲ್ಲ ಭಾಗವತನ ಸ್ಥಾನವನ್ನು ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮಾಸ್ತರರು ತುಂಬಿದರು. ಅವರು ಮಾತನಾಡುವುದಿಲ್ಲ; ಯಾವ ಪಾತ್ರವೂ ಅವರಿಗಿಲ್ಲ. ಆದರೆ ನಾಯಕನ ಚರಣ ಮುಗಿದು ನಾಯಿಕೆಯ ಚರಣ ಆರಂಭವಾಗುವ ನಡುವಣ ಕ್ಷಣದಲ್ಲಿ ಶ್ರುತಿಯು ಅವರ ಕೈಯಲ್ಲಿ ನಿಂತಿರುತ್ತದೆ. ವನದಿಂದ ಅಂತಃಪುರಕ್ಕೆ ಹಾಡನ್ನು ದಾಟಿಸುವ ದೋಣಿ ಆ ಶ್ರುತಿಯೇ.

ಇಲ್ಲಿ ನಮ್ಮ ಸಂಗೀತದ ಸ್ವಭಾವವನ್ನು ಕುರಿತು ಒಂದು ಮಾತು ಅವಶ್ಯ. ಪಾಶ್ಚಾತ್ಯ ಸಂಗೀತವು ಹಲವು ಸ್ವರಪಂಕ್ತಿಗಳನ್ನು ಏಕಕಾಲದಲ್ಲಿ ಹೊಂದಿಸುವ ವಿದ್ಯೆಯನ್ನು ಸಾಧಿಸಿದೆ. ಆದಕಾರಣ ಅವರ ಸಂಗೀತ ನಾಟಕಗಳಲ್ಲಿ ಬೇರೆ ಬೇರೆ ಸ್ಥಳಗಳಲ್ಲಿರುವ ಪಾತ್ರಗಳು ಬೇರೆ ಬೇರೆ ಧಾಟಿಗಳನ್ನು ಒಟ್ಟಿಗೇ ಹಾಡಬಲ್ಲವು. ೧೯೫೭ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಪ್ರಣಯಿಗಳಿಬ್ಬರೂ ಪರಸ್ಪರ ವೈರಿಗಳಾದ ಎರಡು ತಂಡಗಳೂ ಒಂದೇ ರಾತ್ರಿಯನ್ನು ಬೇರೆ ಬೇರೆ ಆಸೆಗಳಿಂದ ಎದುರುನೋಡುತ್ತ ಹಾಡುವ ಸನ್ನಿವೇಶವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ನಮ್ಮ ರಾಗಸಂಗೀತವು ಒಂದೇ ಎಳೆಯದು. ಆದ್ದರಿಂದ ನಮ್ಮಲ್ಲಿ ಅಗಲಿದವರು ಒಟ್ಟಿಗೆ ಹಾಡುವುದಕ್ಕಿಂತ ಒಬ್ಬರ ತರುವಾಯ ಒಬ್ಬರು ಹಾಡುವುದೇ ಸಹಜ. ಇದನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ. ಒಬ್ಬರು ಹಾಡುವಾಗ ಮತ್ತೊಬ್ಬರು ಮೌನವಾಗಿರುತ್ತಾರೆ. ಆ ಮೌನವನ್ನು ನಾವು ನೋಡುತ್ತಿರುತ್ತೇವೆ. ಅಗಲಿಕೆಯ ನಿಜವಾದ ರೂಪ ಹಾಡುವವರಿಗಿಂತ ಹಾಡದೆ ನಿಂತವರಲ್ಲಿ ಕಾಣುತ್ತದೆ. ದೀಪ ಹಚ್ಚುತ್ತಲೋ ಭತ್ತ ಕೇರುತ್ತಲೋ ನಿಂತ ನಾಯಿಕೆಗೆ ತನ್ನನ್ನು ಕುರಿತು ಯಾರೋ ಹಾಡುತ್ತಿದ್ದಾರೆಂಬ ಅರಿವಿಲ್ಲ. ಪ್ರೇಕ್ಷಕನ ಎದೆ ತುಂಬಿಬರುವುದು ಆಗ.

ಮತ್ತೊಂದು ತೊಡಕು ಕಂಠದ್ದು. ಪುರುಷರೇ ಸ್ತ್ರೀಪಾತ್ರವನ್ನು ವಹಿಸುತ್ತಿದ್ದ ಕಾಲದಲ್ಲಿ ಇಬ್ಬರ ಶ್ರುತಿಗಳನ್ನು ಹೊಂದಿಸುವುದು ಸುಲಭವಾಗಿತ್ತು. ಕಲಾವಿದೆಯರು ರಂಗಕ್ಕೆ ಬಂದಮೇಲೆ ಗಂಡಿನ ಶ್ರುತಿ ಹೆಣ್ಣಿಗೆ ತಗ್ಗಾಯಿತು, ಹೆಣ್ಣಿನ ಶ್ರುತಿ ಗಂಡಿಗೆ ಏರಾಯಿತು. ಅನೇಕರು ಇಬ್ಬರಿಗೂ ಒಗ್ಗದ ನಡುವಣ ಶ್ರುತಿಯನ್ನು ಹಿಡಿದು ಇಬ್ಬರ ಕಂಠವನ್ನೂ ದಣಿಸುತ್ತಾರೆ. ಹಿಂದೂಸ್ತಾನಿ ಗಾಯಕರಾದ ಪಂಡಿತ ಜಸರಾಜರು (೧೯೩೦-೨೦೨೦) ರೂಪಿಸಿದ 'ಜಸರಂಗಿ' ಎಂಬ ಪದ್ಧತಿಯು ಇಲ್ಲಿ ಗಮನಾರ್ಹ. ಅದರಲ್ಲಿ ಗಾಯಕ ಗಾಯಕಿಯರು ತಮ್ಮ ತಮ್ಮ ಶ್ರುತಿಯಲ್ಲಿ ಬೇರೆ ಬೇರೆ ರಾಗಗಳನ್ನು ಹಾಡುತ್ತಾರೆ. ಮೂರ್ಛನೆಯ ನಿಯಮದಂತೆ ಒಬ್ಬರ ಷಡ್ಜವು ಮತ್ತೊಬ್ಬರಿಗೆ ಬೇರೊಂದು ಸ್ವರವಾಗಿರುತ್ತದೆ. ಆದುದರಿಂದ ರಾಗಗಳು ಎರಡಾದರೂ ಸ್ವರಸಮೂಹ ಒಂದೇ. ಅದು ಕಛೇರಿಯ ಪದ್ಧತಿ. ಆದರೆ ಅಗಲಿದವರ ಯುಗಳಗೀತೆಗೆ ಇದಕ್ಕಿಂತ ಯೋಗ್ಯವಾದ ಉಪಾಯವನ್ನು ಕಲ್ಪಿಸುವುದು ಕಷ್ಟ. ಇಬ್ಬರೂ ತಮ್ಮ ತಮ್ಮ ಲೋಕದಲ್ಲಿರುತ್ತಾರೆ, ತಮ್ಮ ತಮ್ಮ ರಾಗದಲ್ಲಿರುತ್ತಾರೆ. ಎರಡೂ ಒಂದೇ ಸ್ವರಗಳಿಂದಾದುವೆಂಬುದು ಕೇಳುವವನಿಗೆ ಮಾತ್ರ ಗೊತ್ತು. ನಮ್ಮ ನಾಟಕದ ಮಾಸ್ತರರು ಇದನ್ನು ಪ್ರಯೋಗಿಸಿ ನೋಡಬಾರದೇಕೆ?

ಇಷ್ಟನ್ನು ಪರಿಶೀಲಿಸಿದಮೇಲೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಹುದು. ಅಗಲಿದವರ ಯುಗಳಗೀತೆಯಲ್ಲಿ ಹಾಡುವವರು ಇಬ್ಬರು, ಆದರೆ ಅದನ್ನು ಕೂಡಿಸುವವನು ಮೂರನೆಯವನು. ಬಯಲಾಟದಲ್ಲಿ ಅವನು ಭಾಗವತ; ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಹಿಡಿದವನು; ಎಲ್ಲ ನಾಟಕಗಳಲ್ಲಿಯೂ ಪ್ರೇಕ್ಷಕನು. ಪಾತ್ರಗಳು ಪರಸ್ಪರ ನೋಡಿ ನಕ್ಕ ಮರುಗಳಿಗೆಗೆ ಈ ಮೂರನೆಯವನಿಗೆ ಕೆಲಸವಿಲ್ಲದಾಗುತ್ತದೆ. ತನ್ನ ಮನಸ್ಸಿನಲ್ಲಿ ಅವನು ಕೂಡಿಸಬೇಕಾಗಿದ್ದುದನ್ನು ನಟರೇ ಕಣ್ಣೆದುರಿಗೆ ಕೂಡಿಸಿ ಮುಗಿಸಿದ್ದಾರೆ. ಚಲನಚಿತ್ರದ ಸ್ವಪ್ನಗೀತೆಗಳ ಅನುಕರಣವೇ ಈ ದೋಷಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ಚಲನಚಿತ್ರಕ್ಕೆ ಸ್ಥಳವನ್ನು ಕ್ಷಣಾರ್ಧದಲ್ಲಿ ಬದಲಿಸುವ ಶಕ್ತಿಯಿದೆ. ಸ್ವಪ್ನದಿಂದ ಎಚ್ಚರಕ್ಕೆ ಮರಳುವುದನ್ನು ಅದು ಒಂದು ಚಿತ್ರದಿಂದ ತಿಳಿಸಬಲ್ಲದು. ರಂಗಭೂಮಿಯಲ್ಲಿ ಒಮ್ಮೆ ಹಿಡಿದ ಕೈಯನ್ನು ಹಿಡಿಯಲಿಲ್ಲವೆನ್ನುವಂತಿಲ್ಲ. ಹಿಂದೆಯೂ ದೋಷವಿರಲಿಲ್ಲವೆಂದಲ್ಲ. 'ಒನ್ಸ್ ಮೋರ್' ಎಂಬ ಕೂಗು ಬಿದ್ದೊಡನೆ ವಿರಹಿಗಳಿಬ್ಬರೂ ಜೊತೆಯಾಗಿ ಕೈಮುಗಿದು, ಮತ್ತೆ ವಿರಹವನ್ನು ಮೊದಲಿನಿಂದ ಆರಂಭಿಸುತ್ತಿದ್ದ ಪ್ರಸಂಗಗಳನ್ನು ಕಂಪನಿ ನಾಟಕ ಕಂಡವರೆಲ್ಲ ಬಲ್ಲರು. ಆದರೆ ಅಲ್ಲಿ ಕೈಮುಗಿದವರು ಗಾಯಕರು, ಪಾತ್ರಗಳಲ್ಲ. ಹಾಡು ಮರಳಿ ಆರಂಭವಾದೊಡನೆ ಕಣ್ಣುಗಳು ತಮ್ಮ ತಮ್ಮ ಕತ್ತಲೆಗೆ ಹಿಂದಿರುಗುತ್ತಿದ್ದುವು.

ಈ ವಿಚಾರವು ಲೌಕಿಕ ಶೃಂಗಾರಕ್ಕಷ್ಟೇ ಸಂಬಂಧಿಸಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ಶರಣರ ಜೀವನವನ್ನು ಕುರಿತ ನಾಟಕಗಳು ನಮ್ಮ ಊರುಗಳಲ್ಲಿ ಭಕ್ತಿಯಿಂದ ಪ್ರದರ್ಶಿತವಾಗುತ್ತವೆ. ತ್ಯಾವಣಿಗೆಯ ಸೀಮೆಗೆ ಉಡುತಡಿಯೇನೂ ಬಹುದೂರವಲ್ಲ. ಹೊನ್ನಾಳಿಯನ್ನು ದಾಟಿದರೆ ಶಿಕಾರಿಪುರದ ಸೀಮೆ. ಆ ಉಡುತಡಿಯ ಮಹಾದೇವಿಯಕ್ಕನದು ಶರಣಸತಿ ಲಿಂಗಪತಿ ಭಾವದ ಪರಾಕಾಷ್ಠೆ. ಅವಳ ವಚನಗಳಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಕರೆಯುವ ದನಿಯಿದೆ, ಅರಸುವ ದನಿಯಿದೆ, ಅವನ ದನಿಯಿಲ್ಲ. ಅಕ್ಕನನ್ನು ಕುರಿತ ನಾಟಕದಲ್ಲಿ ಈ ಇಲ್ಲದ ದನಿಯನ್ನು ತುಂಬುವ ಆಸೆ ನಾಟಕಕಾರನಿಗೆ ಹುಟ್ಟುವುದು ಸಹಜ. ನೇಪಥ್ಯದಿಂದ ಗಂಭೀರವಾದ ಪುರುಷಕಂಠವೊಂದು ಅವಳ ಪ್ರತಿ ಚರಣಕ್ಕೂ ಉತ್ತರ ಹಾಡಿದರೆ ಸಭೆಯು ರೋಮಾಂಚನಗೊಳ್ಳುತ್ತದೆ. ಆದರೆ ಅಷ್ಟರಿಂದ ಅಕ್ಕನ ಅನುಭಾವವು ಸಾಮಾನ್ಯ ಪ್ರಣಯಗೀತೆಯ ಮಟ್ಟಕ್ಕೆ ಇಳಿಯುತ್ತದೆ. ಕೇಳಿದೊಡನೆ ಉತ್ತರ ದೊರೆಯುವುದಾದರೆ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದ ಆ ಕಠಿನ ಯಾತ್ರೆ ಏತಕ್ಕೆ? ಕಂಬಳಿ ಹೊದ್ದ ಹಿರಿಯರು ಕೇಳಿದ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ.

ಹಾಗಾದರೆ ಅಕ್ಕನ ಗಾನ ಒಂಟಿಗಾನವೇ? ಅಲ್ಲವೆಂದು ನಮ್ಮ ಭಾವನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಿಗೆ ಸಂಕಲಿಸಿ, ಮುಂದೆ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ಪರಿಷ್ಕಾರಗಳನ್ನು ಪಡೆದ ಶೂನ್ಯಸಂಪಾದನೆಯನ್ನು ಸ್ಮರಿಸಬೇಕು. ಬಿಡಿಬಿಡಿಯಾಗಿದ್ದ ಶರಣರ ವಚನಗಳನ್ನು ಆ ಸಂಕಲನಕಾರರು ಸಂವಾದವಾಗಿ ಜೋಡಿಸಿದರು. ಮುಕ್ತಾಯಕ್ಕನು ಅಗಲಿದ ಅಣ್ಣ ಅಜಗಣ್ಣನಿಗಾಗಿ ಶೋಕಿಸುತ್ತಾಳೆ, ಅಣ್ಣನು ಉತ್ತರಿಸಲಾರನು. ಅಲ್ಲಮನು ಬಂದು ಅವಳ ಮಾತಿಗೆ ಮಾತು ಕೊಡುತ್ತಾನೆ. ಅಲ್ಲಮನು ಅಜಗಣ್ಣನ ದನಿಯನ್ನು ಅನುಕರಿಸುವುದಿಲ್ಲ. ಅಣ್ಣನಂತೆ ನಟಿಸಿ ಅವಳನ್ನು ಸಂತೈಸುವುದಿಲ್ಲ. ಶೋಕದಿಂದ ಅರಿವಿಗೆ ಅವಳನ್ನು ಕರೆದೊಯ್ಯುತ್ತಾನೆ. ಇಲ್ಲಿಯೂ ಅಗಲಿದವರ ನಡುವೆ ಮೂರನೆಯವನೊಬ್ಬನಿದ್ದಾನೆ. ಸಂಕಲನಕಾರನೂ ಹಾಗೆಯೇ: ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದವರನ್ನು ಕೇಳಿ, ತನ್ನ ಹೃದಯದಲ್ಲಿ ಕೂಡಿಸಿದವನು. ವಚನವನ್ನು ಶ್ರದ್ಧೆಯಿಂದ ಕೇಳುವ ಭಕ್ತನಿಗೂ ಇದೇ ಅಧಿಕಾರವಿದೆ. ಅಕ್ಕನು ಕರೆದ ಕರೆಗೆ ಉತ್ತರವು ಮೂಡಬೇಕಾದುದು ನೇಪಥ್ಯದಲ್ಲಲ್ಲ, ಕೇಳುವವನ ಅಂತರಂಗದಲ್ಲಿ.

ಆದುದರಿಂದ ನಮ್ಮ ಹವ್ಯಾಸಿ ಕಲಾವಿದರಲ್ಲಿ ವಿನಯಪೂರ್ವಕವಾಗಿ ಕೆಲವು ಸೂಚನೆಗಳನ್ನು ಮಾಡಬಯಸುತ್ತೇವೆ. ಅಗಲಿದವರ ಹಾಡಿನಲ್ಲಿ ಪಾತ್ರಗಳು ಎಷ್ಟು ಸಮೀಪದಲ್ಲಿ ನಿಂತರೂ ಚಿಂತೆಯಿಲ್ಲ. ದೃಷ್ಟಿ ಮಾತ್ರ ಕೂಡಬಾರದು. ಒಬ್ಬರು ಹಾಡುವಾಗ ಮತ್ತೊಬ್ಬರು ತಾಳಕ್ಕೆ ತಲೆದೂಗುವುದೂ ಸಲ್ಲದು. ತಾವಿರುವ ಸ್ಥಳದ ಕೆಲಸದಲ್ಲಿ ತೊಡಗಿರಬೇಕು. ಮುದ್ರಿಸಿದ ವಾದ್ಯದ ಧ್ವನಿಗೆ ಹಾಡುವ ಪದ್ಧತಿಯು ಈಚೆಗೆ ಹಳ್ಳಿಗಳಿಗೂ ಬಂದಿದೆ. ಆ ಯಂತ್ರವು ಹಾಡುವವರನ್ನು ಕೇಳುವುದಿಲ್ಲ. ಒಬ್ಬರ ಕಂಠ ಗದ್ಗದವಾದಾಗ ಅದು ಕಾಯುವುದಿಲ್ಲ. ಇಬ್ಬರನ್ನೂ ಕೇಳಿ ನುಡಿಸುವ ಮಾಸ್ತರರೊಬ್ಬರನ್ನು ಕರೆಸುವುದಕ್ಕೆ ತಗಲುವ ವೆಚ್ಚವನ್ನು ಊರಿನವರು ಉಳಿಸಬಾರದು. ಅಕ್ಕನ ಪಾತ್ರವನ್ನು ವಹಿಸಿದವರು ವಚನವನ್ನು ಹಾಡಿ ಮುಗಿಸಿದಮೇಲೆ ಮುಂದಿನ ಮಾತಿಗೆ ಅವಸರಪಡದೆ, ಬರಿಯ ಶ್ರುತಿಯು ನಾಲ್ಕು ಮಾತ್ರೆಗಳ ಕಾಲವಾದರೂ ನಿಲ್ಲುವಂತೆ ಮಾಡಲಿ.

ತ್ಯಾವಣಿಗೆಯ ಆ ನಾಟಕದ ತರುಣರಲ್ಲಿ ಕಂಠವಿತ್ತು, ಶ್ರದ್ಧೆಯಿತ್ತು. ಹೊಲಗದ್ದೆಯ ಕೆಲಸ ಮುಗಿಸಿ ಬಂದು ರಾತ್ರಿಗಟ್ಟಲೆ ತಾಲೀಮು ಮಾಡಿದ ಫಲವು ಪ್ರತಿ ಹಾಡಿನಲ್ಲಿಯೂ ಕಾಣುತ್ತಿತ್ತು. ಅವರ ಊರಿನ ಹಿರಿಯರೇ ಅವರಿಗೆ ಅತ್ಯುತ್ತಮ ವಿಮರ್ಶಕರಾಗಿದ್ದಾರೆ. ಮುಂದಿನ ಸಲ ನಾಟಕ ಆಡುವಾಗ, ನಾಯಿಕೆಯು ಕಾಗದವನ್ನು ಬರೆಯಲು ಕುಳಿತರೆ ಆ ಹಿರಿಯರು ಏತಕ್ಕೆಂದು ಕೇಳದೆ ಸುಮ್ಮನೆ ನೋಡುವಂತಾಗಲಿ.